ನವೆಂಬರ್‌ನಲ್ಲಿ ಮೀಟಿಂಗ್ ಸಮಯ ಒಂದು ಗಂಟೆ ತಪ್ಪುವುದೇಕೆ?

ನ್ಯೂಯಾರ್ಕ್ ತಂಡದ ವಾರದ ಮೀಟಿಂಗ್‌ಗೆ ಎಐ ಬರೆಯುವ ಮೇಲ್‌ನಲ್ಲಿ ನವೆಂಬರ್‌ನಿಂದ ಸಮಯ ತಪ್ಪುತ್ತಿದೆ ಎಂದಿದ್ದೀರಿ. ಆ ತಿಂಗಳ ಮೊದಲ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಇನ್ವೈಟ್ ಅಲ್ಲಿಂದ ಬಂದಿದ್ದರೆ, ಅವರ ಬೆಳಗಿನ 9 ಗಂಟೆ ನಮಗೆ ಸಂಜೆ 6:30ರ ಬದಲು 7:30. ಕ್ಯಾಲೆಂಡರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಎಐ ಹಳೆಯ ಮೇಲ್‌ನಲ್ಲಿದ್ದ '6:30 ಐಎಸ್‌ಟಿ'ಯನ್ನೇ ಎತ್ತಿ ಬರೆದಿರುವ ಸಾಧ್ಯತೆ ಹೆಚ್ಚು. ಐಎಸ್‌ಟಿ ಎಂದು ಬರೆಯುವುದನ್ನೇ ಬಿಟ್ಟುಬಿಡಿ, ಇಸ್ರೇಲ್, ಐರ್ಲೆಂಡ್‌ನವರೂ ತಮ್ಮ ಸಮಯಕ್ಕೆ ಅದೇ ಹೆಸರು ಬಳಸುತ್ತಾರೆ. ಎಐಗೆ ಕೊಡುವ ಸೂಚನೆ ಹೀಗಿರಲಿ: "ಸಮಯವನ್ನು ಕ್ಯಾಲೆಂಡರ್ ಇನ್ವೈಟ್‌ನಿಂದ ಮಾತ್ರ ತೆಗೆದುಕೋ. ದಿನಾಂಕದ ಜೊತೆ ಬೆಂಗಳೂರು, ನ್ಯೂಯಾರ್ಕ್ ಎರಡೂ ಸಮಯ ಬರೆ. ಕಳಿಸಬೇಡ, ಡ್ರಾಫ್ಟ್‌ನಲ್ಲಿಡು." ಮಾರ್ಚ್ ಎರಡನೇ ಭಾನುವಾರ ಎರಡೂ ಊರುಗಳ ಸಮಯದ ಅಂತರ ಮತ್ತೆ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಆ ವಾರದ ಡ್ರಾಫ್ಟ್‌ಗಳನ್ನು ದಯವಿಟ್ಟು ನೀವೇ ಓದಿ ಕಳಿಸಿ.