ಹೊರಟವರು ಒಂದು ಹಿಡಿ ಮಂದಿ

ಪ್ರಶ್ನೆ: ಸರ್, ಜಗತ್ತಿನ ಉಳಿದೆಲ್ಲ ಕಡೆಗಿಂತ ಆಫ್ರಿಕಾದ ಜನರೊಳಗೇ ಜೀನ್‌ಗಳ ವೈವಿಧ್ಯ ಜಾಸ್ತಿ ಅಂತಾರೆ, ಯಾಕೆ? ಮೈಬಣ್ಣಕ್ಕೂ ಇದೇ ಕಾರಣವಾ?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮೂರ ಎಪಿಎಂಸಿಯಲ್ಲಿ ಚೆಲ್ಲಿದ ಜೋಳ, ಕಡಲೆ, ಹೆಸರು ಎಲ್ಲ ಗುಡಿಸಿ ತುಂಬಿದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೀರಿ. ಅಪರೂಪದ ಕಾಳು ಚೀಲದಲ್ಲೇ ಉಳಿಯುತ್ತೆ, ಅಲ್ವಾ? ಆಫ್ರಿಕಾದಲ್ಲಿ ನಮ್ಮ ಪ್ರಭೇದದ (ಹೋಮೋ ಸೇಪಿಯನ್ಸ್) ಮನುಷ್ಯರು ಸುಮಾರು 3 ಲಕ್ಷ ವರ್ಷಗಳಿಂದ ಇದ್ದಾರೆ. ಆಫ್ರಿಕಾದ ಹೊರಗಿರುವ ನಮ್ಮೆಲ್ಲರ ಪೂರ್ವಜರಲ್ಲಿ ಬಹುಪಾಲು, 50ರಿಂದ 70 ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಹೊರಟ ಸಣ್ಣ ಗುಂಪಿನವರು. ಆ ಒಂದು ಹಿಡಿ ಕಾಳಿನ ಹಾಗೆ, ಅವರ ಜೊತೆ ಬಂದದ್ದು ಜೀನ್‌ಗಳ ವೈವಿಧ್ಯದಲ್ಲಿ ಒಂದು ಪಾಲು ಮಾತ್ರ. ಹೊರಡುವ ದಾರಿಯೂ ಸದಾ ತೆರೆದಿರಲಿಲ್ಲ: ಮಳೆ ಹೆಚ್ಚಿದ ಕಾಲಗಳಲ್ಲಿ ಸಹಾರಾ, ಅರೇಬಿಯಾಗಳಲ್ಲೂ ಹುಲ್ಲು, ಕೆರೆ ಇರುತ್ತಿದ್ದವು. ಒಣಗಿದರೆ ದಾರಿ ಬಂದ್!

ಮೈಬಣ್ಣದ್ದು ಹೆಚ್ಚಾಗಿ ಬಿಸಿಲಿನ ಲೆಕ್ಕ. ಗದಗದ ಬಿಸಿಲಿಗೆ ಚರ್ಮಕ್ಕೆ ಕಪ್ಪು-ಕಂದು ಬಣ್ಣ ಕೊಡುವ ಮೆಲನಿನ್ನೇ ಕೊಡೆ. ಬೆಳ್ಳಗಾಗುವ ಕ್ರೀಮಿಗೆ ಸುಮ್ನೆ ದುಡ್ಡು ಹಾಕಬೇಡಿ.