ಮೇಯರನ ಕೋಣೆಯಿಂದ ಹೊರಗೆ ಬನ್ನಿ

ಪ್ರಿಯರೇ,

ಹಾಲಿವುಡ್ ನಟ ವಿಲಿಯಂ ಹೇನ್ಸ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ವಸ್ತುವನ್ನು ಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಹನ್ನೊಂದು ಪುಟಗಳಲ್ಲಿ ಏಳು ಪುಟ ಎಂಜಿಎಂ ಸ್ಟುಡಿಯೊದ ಯಜಮಾನ ಲೂಯಿ ಬಿ. ಮೇಯರನ ಕೋಣೆಯಲ್ಲೇ ಕಳೆದಿವೆ. ಮೇಯರ್ ಗುಡುಗುತ್ತಾನೆ, ಹೇನ್ಸ್ ಕಣ್ಣೀರಿಡುತ್ತಾನೆ, ಹೊರಗೆ ಧೋ ಎಂದು ಮಳೆ. ಆ ಕಣ್ಣೀರು ನಿಮಗೆ ಸಿಕ್ಕಿದ್ದೆಲ್ಲಿ? 1930ರಲ್ಲಿ ಗಲ್ಲಾಪೆಟ್ಟಿಗೆಯ ಮುಂಚೂಣಿ ನಟ, ತೋರಿಕೆಯ ಮದುವೆಗೆ ಒಪ್ಪದೆ ಸಂಗಾತಿ ಜಿಮ್ಮಿ ಶೀಲ್ಡ್ಸ್ ಜೊತೆಗೇ ಉಳಿದ, ಸ್ಟುಡಿಯೊ ಕೈಬಿಟ್ಟಿತು. ಇದಕ್ಕೆ ಒಂದು ಪ್ಯಾರಾ ಧಾರಾಳವಾಯಿತು.

ಆಮೇಲಿನ ನಲವತ್ತು ವರ್ಷಗಳಿಗೆ ನೀವು ಕೊಟ್ಟಿದ್ದು ಎಂಟೇ ಸಾಲು! 'ಮುಂದೆ ಒಳಾಂಗಣ ವಿನ್ಯಾಸಕನಾಗಿಯೂ ಹೆಸರು ಮಾಡಿದ' ಎಂದಿದ್ದೀರಿ. ಆ 'ಯೂ' ಚುಚ್ಚಿತು ನೋಡಿ. ನಟನಾಗಿದ್ದಾಗಲೇ ಹಳೇ ಪೀಠೋಪಕರಣಗಳ ಅಂಗಡಿ ತೆರೆದವನಿಗೆ ಇದು ಸೋತ ಮೇಲೆ ಹಿಡಿದ ಕಸುಬಲ್ಲ. ನಟಿಯರಾದ ಜೋನ್ ಕ್ರಾಫರ್ಡ್, ಕ್ಯಾರೊಲ್ ಲೊಂಬಾರ್ಡ್ ತಮ್ಮ ಮನೆಯ ವಿನ್ಯಾಸಕ್ಕೆ ಕರೆದರು. ಜ್ಯಾಕ್ ವಾರ್ನರ್ ಕೂಡ ಕರೆಸಿಕೊಂಡ. ಒಂದು ಸ್ಟುಡಿಯೊ ಹೊರಗಟ್ಟಿದವನಿಗೆ ಇನ್ನೊಂದು ಸ್ಟುಡಿಯೊದ ಯಜಮಾನ ತನ್ನ ಮನೆಯನ್ನೇ ಒಪ್ಪಿಸಿದ. ನೀವು ಇದನ್ನು ಬ್ರಾಕೆಟ್ಟಿನಲ್ಲಿ ಮುಗಿಸಿದ್ದೀರಿ.

ನಮಗೆ ಕೋಣೆಗಳು ಬೇಕು. ನಿರ್ದೇಶಕ ಜಾರ್ಜ್ ಕ್ಯೂಕರ್‌ನ ಮನೆಯಲ್ಲಿ ಹೇನ್ಸ್ ಮೊಟ್ಟೆಯಾಕಾರದ ಕೋಣೆಯೊಂದರ ಗೋಡೆಗಳಿಗೆ ಮೃದುವಾದ ಚರ್ಮ ಹೊದಿಸಿದ. ಆಸನಗಳನ್ನು ನೆಲದ ಹತ್ತಿರಕ್ಕೆ ಇಳಿಸಿದ. ಅಂಥದ್ದೊಂದರಲ್ಲಿ ಓದುಗರನ್ನು ಐದು ನಿಮಿಷ ಕೂರಿಸಿ, ಗೋಡೆಯ ಮೇಲೆ ಕೈಯಾಡಿಸಲು ಬಿಡಿ. ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯ ನಿವಾಸ ವಿನ್‌ಫೀಲ್ಡ್ ಹೌಸ್‌ಗೆ 1969ರಲ್ಲಿ ಹೊಸ ರೂಪ ಕೊಟ್ಟವನೂ ಇವನೇ. ಅದಂತೂ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನು ಜಿಮ್ಮಿ. ಒಂದು ಕಡೆ 'ಆಪ್ತಮಿತ್ರ', ಇನ್ನೊಂದು ಕಡೆ 'ಜೊತೆಗಿದ್ದಾತ'. ಯಾಕೆ ಈ ಅಂಜಿಕೆ? 1926ರಲ್ಲಿ ಜೊತೆಯಾದವರು 1973ರಲ್ಲಿ ಹೇನ್ಸ್ ಕಣ್ಣು ಮುಚ್ಚುವವರೆಗೂ ಜೊತೆಗೇ ಬಾಳಿದರು. ಹಾಲಿವುಡ್ಡಿನಲ್ಲಿ ಇವರಷ್ಟು ಸುಖವಾಗಿರುವ ದಂಪತಿ ಇಲ್ಲ ಎನ್ನುತ್ತಿದ್ದಳಂತೆ ಕ್ರಾಫರ್ಡ್. 'ಸಂಗಾತಿ' ಎಂದು ಬರೆಯಿರಿ, ಸಾಕು. ಹಾಗಂತ ಎಲ್ಲವೂ ಸಿಹಿಯಾಗಿರಲಿಲ್ಲ: 1936ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಪೋರ್ಟೊ ಕಡಲತೀರದಲ್ಲಿ ಜನರ ಗುಂಪೊಂದು ಇವರನ್ನೂ ಗೆಳೆಯರನ್ನೂ ಹೊಡೆದು ಓಡಿಸಿತು. ಅದನ್ನೇಕೆ ಬಿಟ್ಟಿರಿ? ನಿಜವಾಗಿ ನಡೆದದ್ದನ್ನು ಬಿಟ್ಟು ಕಣ್ಣೀರನ್ನು ಕಟ್ಟಿದ್ದೀರಿ.

ಆರು ಪುಟಕ್ಕಿಳಿಸಿ ತಿಂಗಳೊಳಗೆ ಕಳಿಸಿ. ಕ್ಯೂಕರ್‌ನ ಕೋಣೆಯಿಂದಲೇ ಶುರುವಾಗಲಿ. ಮಳೆ ಮಾತ್ರ ಬೇಡ.

ಇಂತು,
ಸಂಪಾದಕ