ಹಾವಿನ ಹೊಟ್ಟೆಯ ಕೆಳಗೆ ಏನಿರಬೇಕು?

ಸಾಕು ಹಾವುಗಳ ವಿಷಯದಲ್ಲಿ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸಿನ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಅದು ಅವಸರದ್ದು.

ಪ್ರಶ್ನೆ: ನಮ್ಮಲ್ಲಿ ಒಂದು ಎಳೆಯ ಕಾರ್ನ್ ಸ್ನೇಕ್ ಇದೆ. ಗಾಜಿನ ಪೆಟ್ಟಿಗೆಯ ತಳಕ್ಕೆ ಸೀಡರ್ ಮರದ ಸುರುಳಿ ಸಿಪ್ಪೆ ಹಾಕಿದ್ದೇವೆ. ಕೆಟ್ಟ ವಾಸನೆಯೇ ಇಲ್ಲ, ಕೋಣೆಯೆಲ್ಲ ಘಮಘಮ ಎನ್ನುತ್ತದೆ. ಈಗ ಮಗಳು ಮರಳು ತುಂಬಿಸಿ ಮರುಭೂಮಿಯಂತೆ ಮಾಡೋಣ ಎನ್ನುತ್ತಿದ್ದಾಳೆ. ಯಾವುದು ಒಳ್ಳೆಯದು? ಎಷ್ಟು ದಪ್ಪ ಹಾಕಬೇಕು?

ಮರಳಿನ ಮಾತು ಆಮೇಲೆ. ಮೊದಲು ಆ ಸೀಡರ್ ಸಿಪ್ಪೆಯನ್ನು ತೆಗೆದು ಹೊರಗೆ ಹಾಕಿ, ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ನಂತರ ಮುಂದೆ ಓದಿ. ನಿಮಗೆ ಹಿತವೆನಿಸುತ್ತಿರುವ ಘಮವೇ ಇಲ್ಲಿ ತೊಂದರೆ. ಅದು ಮರದ ಎಣ್ಣೆಯಿಂದ ಆವಿಯಾಗಿ ಏಳುವ ರಾಸಾಯನಿಕಗಳ ವಾಸನೆ. ಬೆಚ್ಚಗಿನ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ದಟ್ಟವಾಗುತ್ತದೆ. ನೀವು ಕೋಣೆಗೆ ಬಂದು ಹೋಗುತ್ತೀರಿ. ಹಾವಾದರೋ ಮೂಗನ್ನು ಆ ಸಿಪ್ಪೆಗೇ ಒತ್ತಿಕೊಂಡು ಹಗಲೂ ಇರುಳೂ ಮಲಗಿರುತ್ತದೆ. ಕಾರ್ನ್ ಸ್ನೇಕ್‌ಗೆ ಕೆಲಸಕ್ಕೆ ಬರುವುದು ಬಲಗಡೆಯ ಶ್ವಾಸಕೋಶವೊಂದೇ, ಎಡಗಡೆಯದು ಹೆಸರಿಗಷ್ಟೇ. ನಮಗಿರುವಂಥ ವಪೆಯೂ ಅದಕ್ಕಿಲ್ಲ. ಹಾಗಾಗಿ ಒಳಹೊಕ್ಕ ಧೂಳನ್ನಾಗಲಿ ಲೋಳೆಯನ್ನಾಗಲಿ ನಮ್ಮಂತೆ ಕೆಮ್ಮಿ ಹೊರಹಾಕಲು ಆಗುವುದಿಲ್ಲ. ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಗೊರಗೊರ ಸದ್ದು, ಬಾಯಿ ತೆರೆದು ತಲೆ ಮೇಲೆತ್ತಿಕೊಂಡಿರುವುದು, ಇವುಗಳಲ್ಲಿ ಯಾವುದು ಕಂಡರೂ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ.

ಪೈನ್ ಬಗ್ಗೆಯೂ ಕೇಳುವವರಿದ್ದಾರೆ. ಕುಲುಮೆಯಲ್ಲಿ ಒಣಗಿಸಿದ ಪೈನ್ ಪರವಾಗಿಲ್ಲ ಎನ್ನುವ ಸಾಕಣೆದಾರರು ಉಂಟು. ನಾನು ಮಾತ್ರ ಅದನ್ನು ಹೇಳುವುದಿಲ್ಲ. ಘಾಟಿಲ್ಲದ ಆಸ್ಪೆನ್ ಮರದ ಸಿಪ್ಪೆ ಸಿಗುವಾಗ ಘಾಟಿರುವ ಮರದ ಗೊಡವೆ ಯಾಕೆ?

ನಿಮ್ಮ ಹಾವಿಗೆ ಆಸ್ಪೆನ್ ಸಿಪ್ಪೆಯೇ ಸರಿ. ಕಾರ್ನ್ ಸ್ನೇಕ್ ಬಿಲ ತೋಡಿ ಅವಿತುಕೊಳ್ಳುವ ಜೀವಿ. ಆಸ್ಪೆನ್‌ನಲ್ಲಿ ತೋಡಿದ ಬಿಲ ಕುಸಿಯದೆ ನಿಲ್ಲುತ್ತದೆ. ಐದರಿಂದ ಎಂಟು ಸೆಂಟಿಮೀಟರ್ ದಪ್ಪ ಸಾಕು. ಪೊಟ್ಟಣದ ತಳದಲ್ಲಿ ಹಿಟ್ಟಿನಂಥ ಪುಡಿ ಕುಳಿತಿದ್ದರೆ ಅದನ್ನು ಜರಡಿ ಹಿಡಿದು ತೆಗೆಯಿರಿ. ಆಸ್ಪೆನ್‌ಗೆ ಒಂದೇ ದೌರ್ಬಲ್ಯ: ನೀರು ಬಿದ್ದರೆ ಬೇಗ ಬೂಸಲು ಹಿಡಿಯುತ್ತದೆ. ಉರುಳದಂಥ ಭಾರವಾದ ನೀರಿನ ಬಟ್ಟಲು ಇಡಿ, ಒದ್ದೆಯಾದ ಜಾಗದ ಸಿಪ್ಪೆಯನ್ನು ಅಂದೇ ಎತ್ತಿಬಿಡಿ.

ದಪ್ಪದ ಜೊತೆಗೆ ಶಾಖದ ಮಾತನ್ನೂ ಹೇಳಲೇಬೇಕು. ಪೆಟ್ಟಿಗೆಯ ಕೆಳಗೆ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಚಾಪೆ) ಇದ್ದರೆ, ಮೇಲಿನ ಸಿಪ್ಪೆ ತಣ್ಣಗಿದೆಯೆಂದು ನೀವು ಶಾಖ ಏರಿಸುತ್ತೀರಿ. ಹಾವು ಸಿಪ್ಪೆಯನ್ನು ಬಗೆದು ನೇರವಾಗಿ ಗಾಜಿನ ಮೇಲೆ ಮಲಗುತ್ತದೆ. ಹೊಟ್ಟೆ ಸುಟ್ಟುಕೊಂಡು ನನ್ನ ಮೇಜಿನ ಮೇಲೆ ಬಂದ ಹಾವುಗಳ ಕಥೆ ಬಹುಪಾಲು ಇದೇ. ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಬೇಡಿ, ಮತ್ತು ಉಷ್ಣಾಂಶವನ್ನು ಹಾವಿನ ಹೊಟ್ಟೆ ತಾಗಬಹುದಾದ ಗಾಜಿನ ಮೇಲೆಯೇ ಅಳೆಯಿರಿ. ಅಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಇದ್ದರೆ ಸರಿ.

ಇನ್ನು ಮರಳು. ಕಾರ್ನ್ ಸ್ನೇಕ್ ಮರುಭೂಮಿಯ ಹಾವೇ ಅಲ್ಲ. ಅಮೆರಿಕದ ಆಗ್ನೇಯ ಭಾಗದ ಕಾಡಂಚು, ಪಾಳುಬಿದ್ದ ಹೊಲ, ಕಣಜಗಳ ಸುತ್ತ ಇಲಿ ಹಿಡಿದು ಬದುಕುವಂಥದ್ದು. ಮರಳು ಒದ್ದೆ ಇಲಿಗೆ ಮೆತ್ತಿಕೊಂಡು ಹೊಟ್ಟೆ ಸೇರುತ್ತದೆ, ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ‘ಜೀರ್ಣವಾಗುವ ಕ್ಯಾಲ್ಸಿಯಂ ಮರಳು’ ಎಂಬ ಬಣ್ಣದ ಪೊಟ್ಟಣವನ್ನೂ ನಂಬಬೇಡಿ. ನೀರು ತಾಗಿದರೆ ಗಡ್ಡೆ ಕಟ್ಟುವ ಪದಾರ್ಥ ಅದು. ಮೆಕ್ಕೆಜೋಳದ ದಿಂಡಿನ ಚೂರು, ಅಕ್ರೋಟಿನ ಚಿಪ್ಪಿನ ಪುಡಿ ಕೂಡ ಬೇಡ. ಮಗಳಿಗೆ ಮರುಭೂಮಿ ಬೇಕೇ ಬೇಕೆಂದರೆ ಹಿಂಬದಿಯ ಗಾಜಿಗೆ ಹೊರಗಿನಿಂದ ಒಂದು ಚಿತ್ರ ಬರೆದು ಅಂಟಿಸಲಿ. ಹಾವಿನ ತಕರಾರೇನೂ ಇರುವುದಿಲ್ಲ.

ಪ್ರಶ್ನೆ: ಬಾಲ್ ಪೈಥಾನ್ ಹೆಬ್ಬಾವಿಗೆ ತೇವ ಬೇಕೆಂದು ತೆಂಗಿನ ನಾರಿನ ಪುಡಿಯ ಮೇಲೆ ದಿನಕ್ಕೆರಡು ಬಾರಿ ನೀರು ಚಿಮುಕಿಸುತ್ತೇನೆ. ಈಗ ಹೊಟ್ಟೆಯ ಹುರುಪೆಗಳ ಮೇಲೆ ಕೆಂಗಂದು ಕಲೆಗಳು ಕಾಣುತ್ತಿವೆ.

ಅದಕ್ಕೆ ಬೇಕಾದುದು ತೇವದ ಗಾಳಿ, ಕೆಸರಿನ ನೆಲವಲ್ಲ. ಸದಾ ಒದ್ದೆಯಾದ ನೆಲದಲ್ಲಿ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗಲುತ್ತದೆ. ಮೊದಲು ಕಲೆ, ಆಮೇಲೆ ನೀರ್ಗುಳ್ಳೆ, ಆಮೇಲೆ ಹುಣ್ಣು. ಹಾಸನ್ನು ಪೂರ್ತಿ ತೆಗೆದು ಬಿಳಿಯ ಹೀರುಕಾಗದ ಹಾಕಿ, ಕೊಳಕಾದಾಗಲೆಲ್ಲ ಬದಲಿಸಿ. ವೈದ್ಯರಿಗೆ ತೋರಿಸಿ, ಆಂಟಿಬಯಾಟಿಕ್ ಬೇಕಾಗಬಹುದು. ಮನೆಯಲ್ಲಿರುವ ಮುಲಾಮನ್ನು ಸವರಬೇಡಿ, ಅದರಲ್ಲೂ ನೋವು ಮರಗಟ್ಟಿಸುವ ಔಷಧಿ ಬೆರೆತದ್ದನ್ನು.

ವಾಸಿಯಾದ ಮೇಲೆ ನುಣ್ಣನೆಯ ಪುಡಿಯ ಬದಲು ತೆಂಗಿನ ಮಟ್ಟೆಯ ದಪ್ಪ ಚೂರುಗಳನ್ನು ಹಾಕಿ. ನೀರನ್ನು ಮೇಲಿನಿಂದ ಚಿಮುಕಿಸದೆ, ಪೆಟ್ಟಿಗೆಯ ಮೂಲೆಗಳಲ್ಲಿ ಸ್ವಲ್ಪ ಸುರಿಯಿರಿ. ಅಡಿಯ ಪದರ ತೇವ ಹಿಡಿದುಕೊಳ್ಳುತ್ತದೆ, ಹಾವು ಮಲಗುವ ಮೇಲ್ಪದರ ಒಣಗಿರುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಅದು ಅತಿಯಾಯಿತು. ಮೇಲಿನ ಜಾಲರಿಯ ಒಂದು ಭಾಗ ಮುಚ್ಚಿದರೂ ತೇವ ನಿಲ್ಲುತ್ತದೆ. ಶೇಕಡಾ 60ರ ಸುತ್ತಮುತ್ತ ಆರ್ದ್ರತೆ ಇದ್ದರೆ ಸಾಕು. ಅಳೆಯುವ ಹೈಗ್ರೋಮೀಟರ್ ಹಾವು ಇರುವ ಎತ್ತರದಲ್ಲಿರಲಿ, ಚಾವಣಿಗೆ ಅಂಟಿಸಿದರೆ ಅದು ಚಾವಣಿಯ ಸುದ್ದಿಯನ್ನಷ್ಟೇ ಹೇಳುತ್ತದೆ. ಕಣ್ಣು ಮಬ್ಬಾಗಿ ಪೊರೆ ಬಿಡುವ ಹೊತ್ತು ಬಂದಾಗ ಒದ್ದೆ ಪಾಚಿ (ಮಾಸ್) ತುಂಬಿದ ಒಂದು ಡಬ್ಬಿಯನ್ನು ಒಳಗಿಡಿ. ಬೇಕಾದಾಗ ಒಳಹೊಕ್ಕು, ಸಾಕಾದಾಗ ಹಾವೇ ಹೊರಬರುತ್ತದೆ.

ಪ್ರಶ್ನೆ: ಹೊಸ ಹಾವು ತರುತ್ತಿದ್ದೇನೆ. ಹಳೆಯ ಸುದ್ದಿಪತ್ರಿಕೆ ಹಾಸಿದರೆ ನಡೆಯುತ್ತದೆಯೇ? ನೋಡಲು ದರಿದ್ರವಾಗಿರುತ್ತದೆ ಎನ್ನುತ್ತಾರೆ.

ದರಿದ್ರವಾಗಿರಲಿ ಬಿಡಿ. ಹೊಸದಾಗಿ ಬಂದ ಹಾವಿಗೆ ಕಾಗದದಷ್ಟು ಒಳ್ಳೆಯ ಹಾಸು ಇನ್ನೊಂದಿಲ್ಲ. ಹಿಕ್ಕೆ ಗಟ್ಟಿಯಾಗಿದೆಯೋ ನೀರಾಗಿದೆಯೋ, ರಕ್ತವಿದೆಯೋ, ಎಲ್ಲವೂ ಕಾಣುತ್ತದೆ. ಹಾವಿನ ರಕ್ತ ಹೀರುವ ನುಸಿಗಳು ಕರಿಯ ಚುಕ್ಕೆಗಳಂತೆ ಓಡಾಡುವುದು ಬಿಳಿಯ ಕಾಗದದ ಮೇಲೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಮರದ ಸಿಪ್ಪೆಯಲ್ಲಿ ಅವು ಹೆಚ್ಚಿ ತುಂಬುವವರೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ಅಚ್ಚಿಲ್ಲದ ಕಾಗದ ಸಿಕ್ಕರೆ ಇನ್ನೂ ಉತ್ತಮ. ಬೇರೆ ಹಾವುಗಳಿಂದ ದೂರ, ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಹೀಗೆಯೇ ಇಡಿ. ಕಾಗದದಲ್ಲಿ ಬಿಲ ತೋಡಲಾಗದು, ಆದ್ದರಿಂದ ಮೈ ಹಿಡಿಸುವಷ್ಟು ಇಕ್ಕಟ್ಟಾದ ಅಡಗುತಾಣಗಳು ಎರಡಿರಲಿ: ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು. ನಮ್ಮ ಪತ್ರಿಕೆಯ ಹೊಳಪಿನ ಹಾಳೆ ಮಾತ್ರ ಬೇಡ, ಅದು ನೀರು ಹೀರುವುದಿಲ್ಲ. ಸಂಪಾದಕರು ಕ್ಷಮಿಸಬೇಕು.

ಪ್ರಶ್ನೆ: ಇಲಿಯ ಜೊತೆಗೆ ಒಂದು ಚೂರು ಹಾಸನ್ನೂ ಹಾವು ನುಂಗಿಬಿಟ್ಟಿತು. ಬಾಯಿ ತೆರೆದು ತೆಗೆಯಲೇ?

ಬೇಡ. ಸಣ್ಣ ಚೂರು ಸಾಮಾನ್ಯವಾಗಿ ಹಿಕ್ಕೆಯೊಡನೆ ಹೊರಬರುತ್ತದೆ. ಮೈಯಲ್ಲಿ ಗಟ್ಟಿ ಉಬ್ಬು ಉಳಿದುಕೊಂಡರೆ, ತಿಂದದ್ದನ್ನು ಕಕ್ಕಿದರೆ, ಮಾಮೂಲಿ ಸಮಯ ಮೀರಿದರೂ ಹಿಕ್ಕೆ ಹಾಕದಿದ್ದರೆ ವೈದ್ಯರಲ್ಲಿಗೆ ಹೋಗಿ. ಮುಂದಿನ ಸಲ, ಹೆಪ್ಪುಗಟ್ಟಿಸಿಟ್ಟು ಮಂಜು ಕರಗಿಸಿದ ಇಲಿಯನ್ನು ಕಾಗದದಿಂದ ಒರೆಸಿ ಒಣಗಿಸಿ, ಚಪ್ಪಟೆ ತಟ್ಟೆಯ ಮೇಲಿಡಿ. ಊಟವಾದ ಮೇಲೆ ಎರಡು ದಿನ ಹಾವನ್ನು ಕೈಗೆತ್ತಿಕೊಳ್ಳಬೇಡಿ. ಚೂರು ಎಲ್ಲಿಯವರೆಗೆ ಹೋಯಿತೆಂದು ಹೊಟ್ಟೆ ಅದುಮಿ ನೋಡುವುದಂತೂ ಬೇಡವೇ ಬೇಡ.